ಜಾಬ್ ಪೋರ್ಟಲ್‌ನ ಪ್ರೀಮಿಯಂ ಪ್ಲಾನ್, ಸರ್ಕಾರಿ ಉಚಿತ ಉದ್ಯೋಗ ಕೇಂದ್ರ: ಕೊರೊನಾದಲ್ಲಿ ಕೆಲಸ ಹೋದವರಿಗೆ ಯಾವುದು ಉಪಯೋಗಕ್ಕೆ ಬಂತು?

ಮೊದಲು ಸ್ಟಾರ್ ಹೇಳಿಬಿಡುತ್ತೇನೆ, ಪೂರ್ತಿ ಓದೋಕೆ ಟೈಮ್ ಇಲ್ಲದವರಿಗೆ ಅನುಕೂಲ ಆಗಲಿ. ಹಣ ಕಟ್ಟಿ ಸೇರಿದ ಜಾಬ್ ಪೋರ್ಟಲ್‌ಗೆ ಐದಕ್ಕೆ ಎರಡು. ಸರ್ಕಾರಿ ಉಚಿತ ಉದ್ಯೋಗ ಕೇಂದ್ರಕ್ಕೆ ಐದಕ್ಕೆ ನಾಲ್ಕು. ಎರಡನ್ನೂ ಸೇರಿಸಿ ಒಂದೇ ರಿವ್ಯೂ ಬರೆಯುತ್ತಿದ್ದೇನೆ, ಯಾಕೆಂದರೆ ಎರಡನ್ನೂ ನಾನು ಬಳಸಿದ್ದು ಒಂದೇ ಸಮಯದಲ್ಲಿ, ಒಂದೇ ಕಷ್ಟಕ್ಕೆ. ಕೊರೊನಾ ಬಂದು ಹೋಟೆಲ್ ಮುಚ್ಚಿತು, ಫ್ರಂಟ್ ಆಫೀಸ್‌ನಲ್ಲಿದ್ದ ನಾವೆಲ್ಲ ಮನೆ ಸೇರಿದೆವು. ಮೊದಲು "ಸದ್ಯಕ್ಕೆ ಬರಬೇಡಿ" ಅಂದರು, ಸ್ವಲ್ಪ ದಿನ ಆದಮೇಲೆ "ಇನ್ನು ಬರಬೇಡಿ" ಅಂದರು. ಅಲ್ಲಿಂದ ಶುರು ಹುಡುಕಾಟ.

ಪೋರ್ಟಲ್‌ನ ಹೆಸರು ಬರೆಯುತ್ತಿಲ್ಲ. ನಾನು ಹೇಳುವ ಕೊರತೆಗಳು ಅದೊಂದರಲ್ಲೇ ಇರುವಂಥವಲ್ಲ, ಇದೇ ಥರದ ಬೇರೆ ಸೈಟುಗಳಲ್ಲೂ ನೋಡಿದ್ದೇನೆ. ನೀವು ಯಾವುದಕ್ಕೆ ಹಣ ಕಟ್ಟಬೇಕು ಅಂತಿದ್ದೀರೋ ಅದರಲ್ಲಿ ಇವು ಇವೆಯಾ ಅಂತ ಒಮ್ಮೆ ನೋಡಿಕೊಳ್ಳಿ, ಅಷ್ಟು ಸಾಕು.

ಆ ಕಾಲ ಹೇಗಿತ್ತು ಅನ್ನೋದನ್ನು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಪೋರ್ಟಲ್ ಮೇಲೆ ನನಗೆ ಯಾಕೆ ಇಷ್ಟು ಬೇಸರ ಅಂತ ಗೊತ್ತಾಗೋದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕೊರೊನಾವನ್ನು ಜಾಗತಿಕ ಸಾಂಕ್ರಾಮಿಕ ಅಂತ ಕರೆದದ್ದು 2020ರ ಮಾರ್ಚ್ 11ರಂದು. ಆ ವರ್ಷ ಜಗತ್ತಿನಲ್ಲಿ ಒಟ್ಟು ದುಡಿಮೆಯ ಗಂಟೆಗಳು ಶೇ. 8.8ರಷ್ಟು ಕಡಿಮೆಯಾದವು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ (ಐಎಲ್‌ಒ) ಅಂದಾಜು ಮಾಡಿತು. ಅದು 25.5 ಕೋಟಿ ಪೂರ್ಣಾವಧಿ ಕೆಲಸಗಳಿಗೆ ಸಮ. ಇದರಲ್ಲಿ ಕೆಲಸ ಉಳಿದರೂ ಗಂಟೆ ಕಡಿಮೆಯಾದವರೂ ಸೇರಿದ್ದಾರೆ. ಪೂರ್ತಿ ಕೆಲಸವೇ ಹೋದವರ ಲೆಕ್ಕ 11.4 ಕೋಟಿ. ಪ್ರವಾಸ ಮತ್ತು ಹೋಟೆಲ್ ಲೈನ್‌ನವರ ಪಾಡು ಎಲ್ಲರಿಗಿಂತ ಕೆಟ್ಟದಾಗಿತ್ತು. ಆ ಒಂದು ವರ್ಷದಲ್ಲಿ ಪ್ರವಾಸೋದ್ಯಮದಲ್ಲಿ 6.2 ಕೋಟಿ ಕೆಲಸ ಹೋದವು ಅಂತ ವಿಶ್ವ ಪ್ರಯಾಣ ಮತ್ತು ಪ್ರವಾಸೋದ್ಯಮ ಮಂಡಳಿ ಹೇಳಿತು. ವಿಮಾನ ಇಲ್ಲ, ಮೀಟಿಂಗ್ ಇಲ್ಲ, ಮದುವೆ ಪಾರ್ಟಿ ಇಲ್ಲ. ರೂಮ್ ಯಾರಿಗೆ ಬೇಕು?

ಈಗ ಪೋರ್ಟಲ್ ಹೇಗೆ ಕೆಲಸ ಮಾಡುತ್ತದೆ ನೋಡಿ. ನಿಮ್ಮ ಹಿಂದಿನ ಹುದ್ದೆಯ ಹೆಸರು, ಎಷ್ಟು ವರ್ಷದ ಅನುಭವ, ಯಾವ ಊರು. ಇವು ಮೂರನ್ನು ತಗೊಂಡು ಅದೇ ಹೆಸರಿನ ಖಾಲಿ ಹುದ್ದೆ ಎಲ್ಲಿದೆ ಅಂತ ಹುಡುಕುತ್ತದೆ. ಮಾಮೂಲಿ ದಿನಗಳಲ್ಲಿ ಇದು ಸರಿಯಾದ ಪದ್ಧತಿಯೇ. ಒಂದು ಹೋಟೆಲ್ ಬಿಟ್ಟವರಿಗೆ ಇನ್ನೊಂದು ಹೋಟೆಲ್ ಸಿಗುತ್ತದೆ. ಆದರೆ ಒಂದಿಡೀ ಲೈನ್ ಮಲಗಿದಾಗ ಅದೇ ಹೆಸರಿನ ಹುದ್ದೆ ಎಲ್ಲೂ ಇರುವುದಿಲ್ಲ, ಇದ್ದ ಒಂದೆರಡಕ್ಕೆ ಆ ಲೈನ್‌ನವರೆಲ್ಲ ಒಟ್ಟಿಗೆ ಅರ್ಜಿ ಹಾಕುತ್ತಾರೆ. ಕಷ್ಟಕಾಲದಲ್ಲಿ ಬೇಕಾದದ್ದು ನಮ್ಮ ಹಳೆ ಕೆಲಸದಲ್ಲಿ ಬೇರೆ ಕಡೆ ಬಳಕೆಗೆ ಬರುವಂಥದ್ದು ಏನಿದೆ ಅಂತ ಗುರುತಿಸಿ ಹೇಳುವ ಯಾರಾದರೂ. ನನ್ನ ಎರಡು ಸ್ಟಾರ್, ನಾಲ್ಕು ಸ್ಟಾರ್ ಎರಡೂ ಈ ಒಂದು ವಿಷಯದ ಮೇಲೆ ನಿಂತಿವೆ.

ಪೋರ್ಟಲ್‌ನಲ್ಲಿ ಚೆನ್ನಾಗಿರುವುದನ್ನು ಮೊದಲು ಹೇಳಬೇಕು. ಸರ್ಚ್ ಫಾಸ್ಟ್ ಆಗಿದೆ. ಮೊಬೈಲ್‌ನಲ್ಲಿ ಒಂದೇ ಕೈಯಲ್ಲಿ ಎಲ್ಲ ಮಾಡಬಹುದು. ಅಲರ್ಟ್ ಬೆಳಿಗ್ಗೆ ಬೇಗ ಬರುತ್ತದೆ, ಹೊಸದು ಬಂದ ದಿನವೇ ಅರ್ಜಿ ಹಾಕಬಹುದು. ಇದು ದೊಡ್ಡ ವಿಷಯ, ಯಾಕೆಂದರೆ ಅರ್ಜಿಗಳು ರಾಶಿ ಬೀಳುತ್ತಿದ್ದಾಗ ಎರಡು ದಿನ ತಡವಾಗಿ ಹಾಕಿದರೆ ಯಾರೂ ತೆರೆದೂ ನೋಡುತ್ತಿರಲಿಲ್ಲ. ಕಂಪನಿಯ ಬಗ್ಗೆ ಅಲ್ಲಿ ಹಿಂದೆ ಕೆಲಸ ಮಾಡಿದವರು ಬರೆದದ್ದನ್ನು ಅದೇ ಪುಟದಲ್ಲಿ ಓದಬಹುದು. ವಿಡಿಯೊ ಇಂಟರ್‌ವ್ಯೂಗೆ ಲಿಂಕ್ ಅಲ್ಲೇ ಬರುತ್ತದೆ, ಬೇರೆ ಆ್ಯಪ್ ಹಾಕಿಕೊಳ್ಳಬೇಕಾಗಿಲ್ಲ. ಐಟಿಯಲ್ಲಿದ್ದ ನನ್ನ ಕಸಿನ್‌ಗೆ ಇದೇ ಪೋರ್ಟಲ್‌ನಲ್ಲಿ ತುಂಬ ಬೇಗ ಕೆಲಸ ಸಿಕ್ಕಿತು. ಅವಳನ್ನು ಕೇಳಿದರೆ ಐದು ಸ್ಟಾರ್ ಕೊಡುತ್ತಾಳೆ, ಅದೂ ನ್ಯಾಯವೇ.

ಅವಳಿಗೂ ನನಗೂ ಇರುವ ವ್ಯತ್ಯಾಸ ಒಂದೇ. ಅವಳ ಕೆಲಸ ಮನೆಯಿಂದ ಆಗುತ್ತದೆ. ನನ್ನದು ಆಗೋದಿಲ್ಲ. 2020ರಲ್ಲಿ ಚಿಕಾಗೋ ವಿಶ್ವವಿದ್ಯಾಲಯದ ಜೊನಾಥನ್ ಡಿಂಗೆಲ್ ಮತ್ತು ಬ್ರೆಂಟ್ ನೀಮನ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ಒಂದು ಲೆಕ್ಕ ಹಾಕಿದ್ದರು. ಅಮೆರಿಕದಲ್ಲಿ ಪೂರ್ತಿಯಾಗಿ ಮನೆಯಿಂದಲೇ ಮಾಡಬಹುದಾದ ಕೆಲಸಗಳು ಶೇ. 37 ಮಾತ್ರ. ಬಡ ದೇಶಗಳಲ್ಲಿ ಇನ್ನೂ ಕಡಿಮೆ. ಅಂದರೆ ಉಳಿದ ಹೆಚ್ಚಿನ ಪಾಲು ಜನ ಎಲ್ಲಿಗಾದರೂ ಹೋಗಿ, ಯಾರ ಎದುರಿಗಾದರೂ ನಿಂತು ದುಡಿಯುವವರು. ಪೋರ್ಟಲ್ ಮಾತ್ರ ಆ ದಿನಗಳಲ್ಲಿ ತೆರೆದ ತಕ್ಷಣ "ವರ್ಕ್ ಫ್ರಮ್ ಹೋಮ್ ಕೆಲಸಗಳು" ಅನ್ನುವ ದೊಡ್ಡ ಬ್ಯಾನರ್ ತೋರಿಸುತ್ತಿತ್ತು. ಹೋಟೆಲ್, ಟ್ರಾವೆಲ್, ಈವೆಂಟ್, ಬ್ಯೂಟಿ ಪಾರ್ಲರ್, ಅಂಗಡಿ, ಡ್ರೈವಿಂಗ್ ಮಾಡುತ್ತಿದ್ದವರೆಲ್ಲ ಆ ಬ್ಯಾನರ್ ಒತ್ತುತ್ತಿದ್ದೆವು. ಒಳಗೆ ಹೋದರೆ ಡೆವಲಪರ್, ಡಿಸೈನರ್, ಅಕೌಂಟೆಂಟ್. ಕೊನೆಯಲ್ಲಿ ಒಂದಿಷ್ಟು ಕಸ್ಟಮರ್ ಸಪೋರ್ಟ್, ಅದಕ್ಕೆ ಸಾವಿರಾರು ಅರ್ಜಿ.

ಇನ್ನು ಪ್ರೊಫೈಲ್ ಫಾರ್ಮ್. ಇಲ್ಲಿ ನನಗೆ ಸಿಟ್ಟು ಬಂದದ್ದು ನಿಜ. ಹಿಂದಿನ ಕೆಲಸದ ಕೆಳಗೆ "ಬಿಟ್ಟ ಕಾರಣ" ಅಂತ ಒಂದು ಬಾಕ್ಸ್ ಇದೆ, ಒತ್ತಿದರೆ ಪಟ್ಟಿ ಇಳಿಯುತ್ತದೆ. ರಾಜೀನಾಮೆ ಕೊಟ್ಟೆ. ಕೆಲಸದಿಂದ ತೆಗೆದರು. ಕಾಂಟ್ರಾಕ್ಟ್ ಮುಗಿಯಿತು. ವೈಯಕ್ತಿಕ ಕಾರಣ. ಇಷ್ಟೇ. ಸಂಸ್ಥೆಯೇ ಮುಚ್ಚಿತು ಅನ್ನುವ ಆಯ್ಕೆ ಇಲ್ಲ. ಖಾಲಿ ಬಿಟ್ಟು ಮುಂದೆ ಹೋಗೋಣ ಅಂದರೆ ಬಿಡೋದಿಲ್ಲ, ಬಾಕ್ಸ್ ಕೆಂಪಾಗುತ್ತದೆ, "ಈ ಮಾಹಿತಿ ಕಡ್ಡಾಯ" ಅನ್ನುತ್ತದೆ. ರಾಜೀನಾಮೆ ಅಂತ ಹಾಕಿದರೆ ಸುಳ್ಳು. ತೆಗೆದರು ಅಂತ ಹಾಕಿದರೆ ನೋಡಿದವರಿಗೆ ನಾನೇನೋ ತಪ್ಪು ಮಾಡಿದೆ ಅನ್ನಿಸುತ್ತದೆ. ವೈಯಕ್ತಿಕ ಕಾರಣ ಅಂದರೆ ಇಂಟರ್‌ವ್ಯೂನಲ್ಲಿ ಮನೆ ವಿಷಯ ಕೇಳುತ್ತಾರೆ. ಇಡೀ ಜಗತ್ತೇ ಬಾಗಿಲು ಹಾಕಿಕೊಂಡು ಕೂತಿದ್ದ ವರ್ಷದಲ್ಲಿ ಈ ಪಟ್ಟಿಗೆ ಇನ್ನೊಂದು ಸಾಲು ಸೇರಿಸಬೇಕು ಅಂತ ಅಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಅದರ ಕೆಳಗೆ ತಾರೀಖು. ಒಂದು ಕೆಲಸ ಮುಗಿದ ತಿಂಗಳಿಗೂ ಇನ್ನೊಂದು ಶುರುವಾದ ತಿಂಗಳಿಗೂ ನಡುವೆ ಜಾಗ ಉಳಿದರೆ ಹಳದಿ ಬಣ್ಣದ ಎಚ್ಚರಿಕೆ ಬರುತ್ತದೆ, "ನಿಮ್ಮ ಪ್ರೊಫೈಲ್‌ನಲ್ಲಿ ಗ್ಯಾಪ್ ಇದೆ" ಅಂತ. ಪ್ರೊಫೈಲ್ ಸ್ಕೋರ್ ಇಳಿಯುತ್ತದೆ. ಸ್ಕೋರ್ ಇಳಿದರೆ ಕಂಪನಿಯವರು ಹುಡುಕುವಾಗ ನಾವು ಕೆಳಗೆ ಹೋಗುತ್ತೇವೆ.

ಈ ಗ್ಯಾಪ್ ವಿಷಯ ಸಣ್ಣದಲ್ಲ. ಇದರ ಮೇಲೆ ಕೊರೊನಾಕ್ಕಿಂತ ಮೊದಲೇ ಗಟ್ಟಿ ಸಂಶೋಧನೆ ಆಗಿದೆ. ಕೋರಿ ಕ್ರಾಫ್ಟ್, ಫ್ಯಾಬಿಯನ್ ಲಾಂಗೆ ಮತ್ತು ಮ್ಯಾಥ್ಯೂ ನೊಟೊವಿಡಿಗ್ಡೊ ಅನ್ನುವ ಅರ್ಥಶಾಸ್ತ್ರಜ್ಞರು ಅಮೆರಿಕದ ದೊಡ್ಡ ನಗರಗಳಲ್ಲಿ ಸುಮಾರು 3,000 ಜಾಹೀರಾತುಗಳಿಗೆ ಸುಮಾರು 12,000 ಕಾಲ್ಪನಿಕ ರೆಸ್ಯೂಮೆ ಕಳಿಸಿ ಪರೀಕ್ಷೆ ಮಾಡಿದ್ದರು, 2013ರಲ್ಲಿ ಅದು ಪ್ರಕಟವಾಯಿತು. ಕೆಲಸ ಇಲ್ಲದೆ ಕೂತ ತಿಂಗಳು ಹೆಚ್ಚಾದ ಹಾಗೆ ಇಂಟರ್‌ವ್ಯೂಗೆ ಕರೆ ಬರುವುದು ಕಡಿಮೆಯಾಗುತ್ತದೆ. ಮೊದಲ ಎಂಟು ತಿಂಗಳಲ್ಲೇ ಹೆಚ್ಚಿನ ಇಳಿತ. ಆದರೆ ಅದೇ ಸಂಶೋಧನೆಯ ಇನ್ನೊಂದು ಮಾತು ನನಗೆ ಮುಖ್ಯ ಅನ್ನಿಸಿತು. ಎಲ್ಲಿ ಎಲ್ಲರಿಗೂ ಕೆಲಸ ಸಿಗೋದೇ ಕಷ್ಟವೋ ಅಲ್ಲಿ ಗ್ಯಾಪ್‌ನಿಂದ ಆಗುವ ಈ ನಷ್ಟ ಕಡಿಮೆ. ಅಂದರೆ ಮನುಷ್ಯ ಕೂತು ರೆಸ್ಯೂಮೆ ಓದಿದರೆ "ಪಾಪ, ಆಗ ಎಲ್ಲರ ಸ್ಥಿತಿಯೂ ಹಾಗೇ ಇತ್ತು" ಅಂತ ಅರ್ಥ ಮಾಡಿಕೊಳ್ಳುತ್ತಾನೆ. ಸಾಫ್ಟ್‌ವೇರ್ ಹಾಗೆ ಯೋಚಿಸೋದಿಲ್ಲ, ಇಂತಿಷ್ಟು ತಿಂಗಳಿಗಿಂತ ಜಾಸ್ತಿ ಗ್ಯಾಪ್ ಇದ್ದರೆ ಪಕ್ಕಕ್ಕೆ ಹಾಕು ಅಂತ ಒಮ್ಮೆ ಹೇಳಿಟ್ಟರೆ ಮುಗಿಯಿತು, 2019 ಆದರೂ ಅಷ್ಟೇ, 2020 ಆದರೂ ಅಷ್ಟೇ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಮತ್ತು ಆಕ್ಸೆಂಚರ್ ಸೇರಿ 2021ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಶೇ. 88ರಷ್ಟು ಕಂಪನಿಯವರು ತಮ್ಮ ಸಾಫ್ಟ್‌ವೇರ್ ಒಳ್ಳೆಯ ಅಭ್ಯರ್ಥಿಗಳನ್ನೂ ಹೊರಗೆ ಹಾಕುತ್ತಿದೆ ಅಂತ ತಾವೇ ಹೇಳಿದ್ದಾರೆ. ಹೊರಗೆ ಹಾಕಿಸಿಕೊಂಡವರಿಗೆ ಆ ವಿಷಯ ಗೊತ್ತಾಗೋದೂ ಇಲ್ಲ. ನಮಗೆ ಬರೋದು ಒಂದೇ ಮೇಲ್, "ನಿಮ್ಮ ಆಸಕ್ತಿಗೆ ಧನ್ಯವಾದ" ಅಂತ.

ಇದನ್ನು ಸರಿ ಮಾಡೋದು ಅಷ್ಟೇನೂ ಕಷ್ಟ ಅಲ್ಲ. ಲಿಂಕ್ಡ್‌ಇನ್ 2022ರಲ್ಲಿ ಪ್ರೊಫೈಲ್‌ನಲ್ಲಿ "ಕರಿಯರ್ ಬ್ರೇಕ್" ಅಂತಲೇ ಒಂದು ಜಾಗ ಮಾಡಿತು. ಆರೋಗ್ಯ, ಮಕ್ಕಳ ಆರೈಕೆ, ಕೆಲಸ ಹೋದದ್ದು, ಹೀಗೆ ಕಾರಣ ಆರಿಸಿ ಅಲ್ಲಿ ಬರೆಯಬಹುದು. ನಾನು ಬಳಸಿದ ಪೋರ್ಟಲ್‌ಗೆ ಈ ಬಗ್ಗೆ ಬರೆದೆ. ಆಟೊಮ್ಯಾಟಿಕ್ ಉತ್ತರ ಬಂತು, ಆಮೇಲೆ ಏನೂ ಇಲ್ಲ.

ಈಗ ಪ್ರೀಮಿಯಂ ಪ್ಲಾನ್. ಉಚಿತದಲ್ಲಿ ಏನೂ ಆಗುತ್ತಿಲ್ಲ ಅಂದಾಗ ಅದೇ ಪರದೆಯ ಮೇಲೆ "ನಿಮ್ಮ ಅರ್ಜಿ ಮೇಲೆ ಬರಬೇಕೇ" ಅಂತ ಬರುತ್ತದೆ. ಕೈಯಲ್ಲಿ ಉಳಿತಾಯ ಕರಗುತ್ತಿರುವ ಹೊತ್ತಿಗೆ ಸರಿಯಾಗಿ ಹಣ ಕೇಳುತ್ತದೆ. ಕೊಟ್ಟೆ. ಸಿಕ್ಕಿದ್ದು ಏನು? ಪ್ರೊಫೈಲ್ ಯಾರು ನೋಡಿದರು ಅಂತ ಕಾಣುತ್ತದೆ. ಅರ್ಜಿಯ ಪಕ್ಕ ಒಂದು ಬಣ್ಣದ ಗುರುತು. ರೆಸ್ಯೂಮೆ ಬರೆದುಕೊಡುವ ಸೇವೆ. ಈ ಕೊನೆಯದರ ಮೇಲೆ ತುಂಬ ಆಸೆ ಇತ್ತು. ಬಂದ ರೆಸ್ಯೂಮೆ ನೋಡಲು ಚೆಂದ ಇತ್ತು, ಫಾಂಟ್ ಚೆನ್ನಾಗಿತ್ತು, ಒಳಗೆ ನಾನು ಕೊಟ್ಟ ಮಾತುಗಳೇ ಬೇರೆ ಕ್ರಮದಲ್ಲಿ ಕೂತಿದ್ದವು. ಮೇಲೆ ದಪ್ಪ ಅಕ್ಷರದಲ್ಲಿ "ಹಾಸ್ಪಿಟಾಲಿಟಿ ಪ್ರೊಫೆಷನಲ್". ಯಾವ ಲೈನ್ ಮುಚ್ಚಿದೆಯೋ ಅದರದ್ದೇ ಬೋರ್ಡ್ ಹಣೆಗೆ ಹಚ್ಚಿ ಕಳಿಸಿದ್ದರು. ಬೇರೆ ಲೈನ್‌ಗೆ ಹೋಗೋಕೆ ಸಿದ್ಧ ಅಂತ ನಾನು ಸ್ಪಷ್ಟವಾಗಿ ಬರೆದುಕೊಟ್ಟಿದ್ದರೂ ಹೀಗೆ.

ಇಲ್ಲಿ ಒಂದು ವಿಷಯ ಎಲ್ಲರಿಗೂ ಗೊತ್ತಿರಬೇಕು. ಐಎಲ್‌ಒದ 1997ರ ಖಾಸಗಿ ಉದ್ಯೋಗ ಏಜೆನ್ಸಿಗಳ ಒಪ್ಪಂದ, ಅದರ ಸಂಖ್ಯೆ 181, ಅದರ 7ನೇ ವಿಧಿ ಹೇಳೋದು ಏನೆಂದರೆ ಏಜೆನ್ಸಿಗಳು ಕೆಲಸ ಹುಡುಕುವವರಿಂದ ನೇರವಾಗಿಯಾಗಲಿ ಬೇರೆ ದಾರಿಯಿಂದಾಗಲಿ ಶುಲ್ಕ ತಗೊಳ್ಳಬಾರದು. ಕೆಲವು ಬಗೆಯ ಸೇವೆಗೆ ಸರ್ಕಾರ ವಿನಾಯಿತಿ ಕೊಡಬಹುದು, ಎಲ್ಲ ದೇಶಗಳೂ ಇದನ್ನು ಒಪ್ಪಿಕೊಂಡಿಲ್ಲ. ಆದರೂ ಆ ತತ್ವ ಸರಿ ಇದೆ ಅಂತ ನನ್ನ ಗಟ್ಟಿ ಅಭಿಪ್ರಾಯ. ಜನ ಬೇಕಾಗಿರುವುದು ಕಂಪನಿಗೆ, ಖರ್ಚು ಅವರದ್ದಾಗಬೇಕು. ಪೋರ್ಟಲ್‌ನವರು ನಾವು ಕೆಲಸ ಕೊಡಿಸೋದಿಲ್ಲ, ಬರೀ ಸಬ್‌ಸ್ಕ್ರಿಪ್ಷನ್ ಮಾರುತ್ತೇವೆ ಅಂತಾರೆ. ಷರತ್ತುಗಳ ಪುಟದಲ್ಲಿ ಹಾಗೇ ಬರೆದಿದೆ. ಜಾಹೀರಾತಿನಲ್ಲಿ ಮಾತ್ರ ಕೆಲಸ ಸಿಕ್ಕ ಖುಷಿಯ ಮುಖಗಳು.

ಮೋಸದ ಪೋಸ್ಟ್‌ಗಳ ಬಗ್ಗೆ ಜಾಸ್ತಿ ಬರೆಯೋದಿಲ್ಲ, ಎಲ್ಲರಿಗೂ ಗೊತ್ತು. ಮನೆಯಲ್ಲೇ ಡೇಟಾ ಎಂಟ್ರಿ, ಒಳ್ಳೆ ಸಂಬಳ, ಮೊದಲು ರಿಜಿಸ್ಟ್ರೇಷನ್ ಹಣ ಕಟ್ಟಿ. ಇಂಥದ್ದು ಪ್ರೀಮಿಯಂನಲ್ಲೂ ಬಂದವು. ರಿಪೋರ್ಟ್ ಮಾಡಿದರೆ ತೆಗೆಯುತ್ತಾರೆ, ಆದರೆ ಅದೇ ಬರಹ ಬೇರೆ ಹೆಸರಲ್ಲಿ ಮತ್ತೆ ಬರುತ್ತದೆ. ಕೆಲಸ ಕೊಡುವವರು ಹಣ ಕೇಳಿದರೆ ಅಲ್ಲಿಗೇ ನಿಲ್ಲಿಸಿ, ಎಷ್ಟೇ ಕಡಿಮೆ ಕೇಳಲಿ.

ಇನ್ನು ಉದ್ಯೋಗ ಕೇಂದ್ರ. ಸರ್ಕಾರ ಉಚಿತವಾಗಿ ನಡೆಸುವ ಇಂಥ ಕೇಂದ್ರಗಳು ಹೊಸದೇನಲ್ಲ. 1948ರಲ್ಲೇ ಐಎಲ್‌ಒ ಒಪ್ಪಂದ ಸಂಖ್ಯೆ 88ರಲ್ಲಿ ಅದನ್ನು ಒಪ್ಪಿದ ಪ್ರತಿ ದೇಶವೂ ಉಚಿತ ಸಾರ್ವಜನಿಕ ಉದ್ಯೋಗ ಸೇವೆ ಇಟ್ಟುಕೊಳ್ಳಬೇಕು ಅಂತ ಹೇಳಿತ್ತು. ಎರಡನೇ ಮಹಾಯುದ್ಧ ಮುಗಿದು ಸೈನಿಕರು, ಕಾರ್ಖಾನೆಯವರು ಎಲ್ಲ ಬೇರೆ ಕೆಲಸ ಹುಡುಕಬೇಕಾಗಿದ್ದ ಕಾಲ ಅದು. ಈಗ ಹೆಚ್ಚಿನವರು ಇಂಥ ಕಡೆ ಹೆಸರು ನೋಂದಾಯಿಸಿ ಮರೆತುಬಿಡುತ್ತಾರೆ. ನೋಂದಣಿ ಮಾಡಿ ಕಾರ್ಡ್ ತಗೊಳ್ಳೋದಷ್ಟೇ ಅಲ್ಲಿನ ಕೆಲಸ ಅಂತ ಜನ ತಿಳಿದಿದ್ದಾರೆ. ಒಳಗೆ ಕೌನ್ಸೆಲಿಂಗ್ ಅಂತ ಒಂದು ವಿಭಾಗ ಇರುತ್ತದೆ, ಕೇಳಿದರೆ ಮಾತ್ರ ಹೇಳುತ್ತಾರೆ. ಕೇಳಿ.

ಕೊರೊನಾ ಇದ್ದದ್ದರಿಂದ ಎಲ್ಲ ಫೋನ್‌ನಲ್ಲೇ ನಡೆಯಿತು. ಲೈನ್ ಸಿಗೋದೇ ದೊಡ್ಡ ಪಾಡು, ಸಿಕ್ಕಮೇಲೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಕು. ಕೊನೆಗೆ ಒಬ್ಬರು ಮೇಡಂ ಫೋನ್ ಮಾಡಿದರು. ನಾನು ಅಭ್ಯಾಸದಂತೆ ಶುರು ಮಾಡಿದೆ, ಫ್ರಂಟ್ ಆಫೀಸ್ ಎಕ್ಸಿಕ್ಯೂಟಿವ್, ಇಷ್ಟು ವರ್ಷ, ಇಂಥ ಕಡೆ ಅಂತ. ಅವರು ತಡೆದರು.

"ಹುದ್ದೆ ಹೆಸರು ಬಿಡಿ. ಒಂದು ನೈಟ್ ಶಿಫ್ಟ್‌ನಲ್ಲಿ ಏನೇನು ಮಾಡ್ತಿದ್ರಿ, ಹೇಳ್ತಾ ಹೋಗಿ. ನಾನು ಬರ್ಕೊಳ್ತೀನಿ" ಅಂದರು.

ಹೇಳುತ್ತಾ ಹೋದೆ. ಹೋಟೆಲ್‌ನಲ್ಲಿ ನೈಟ್ ಆಡಿಟ್ ಅಂತ ಇರುತ್ತದೆ. ಹೊರಗಿನವರಿಗೆ ರಾತ್ರಿ ಕೌಂಟರ್‌ನಲ್ಲಿ ಒಬ್ಬರು ಸುಮ್ನೆ ಕೂತಿರುವ ಹಾಗೆ ಕಾಣುತ್ತದೆ, ಆದರೆ ಆ ದಿನದ ಪೂರ್ತಿ ಲೆಕ್ಕ ಮುಗಿಸಿ ಸಿಸ್ಟಂನಲ್ಲಿ ತಾರೀಖು ಬದಲಿಸುವ ಕೆಲಸ ಅದು. ತುಂಬಿರುವ ಪ್ರತಿ ರೂಮಿನ ಬಾಡಿಗೆ ಮತ್ತು ಟ್ಯಾಕ್ಸ್ ಆಯಾ ಗೆಸ್ಟ್ ಖಾತೆಗೆ ಹಾಕಬೇಕು. ರೆಸ್ಟೋರೆಂಟ್, ಲಾಂಡ್ರಿ ಬಿಲ್‌ಗಳು ಸರಿಯಾದ ರೂಮಿಗೇ ಹೋಗಿವೆಯಾ ನೋಡಬೇಕು. ಡ್ರಾಯರ್‌ನಲ್ಲಿರುವ ಕ್ಯಾಶ್, ಕಾರ್ಡ್ ಮೆಷಿನ್‌ನ ಮೊತ್ತ, ಸಿಸ್ಟಂ ತೋರಿಸುವ ಮೊತ್ತ, ಮೂರೂ ತಾಳೆಯಾಗಬೇಕು. ಆಗದಿದ್ದರೆ ಒಂದೊಂದು ಸ್ಲಿಪ್ ತೆಗೆದು ಎಲ್ಲಿ ತಪ್ಪಿದೆ ಅಂತ ಹುಡುಕಬೇಕು. ಕಂಪನಿ ಬಿಲ್ ಕೊಡುವ ಗೆಸ್ಟ್ ಯಾರು, ತಾವೇ ಕೊಡುವವರು ಯಾರು, ಅರ್ಧ ಅರ್ಧ ಕೊಡುವವರು ಯಾರು, ಅದನ್ನು ಬೇರೆ ಮಾಡಬೇಕು. ನಡುವೆ ಯಾರಿಗೋ ಹುಷಾರಿಲ್ಲ ಅಂತ ಫೋನ್ ಬರುತ್ತದೆ, ಡಾಕ್ಟರನ್ನು ಕರೆಸಬೇಕು, ಅವರ ಮನೆಯವರಿಗೆ ಗಾಬರಿ ಆಗದ ಹಾಗೆ ಹೇಳಬೇಕು.

ಅವರು ಎಲ್ಲ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಸ್ಪತ್ರೆ ಬಿಲ್ಲಿಂಗ್ ಕೌಂಟರ್‌ನಲ್ಲಿ ಏನು ಮಾಡ್ತಾರೆ ಗೊತ್ತಾ ನಿಮಗೆ?" ಅಂತ ಕೇಳಿದರು. ಅಡ್ಮಿಷನ್ ಅಂದರೆ ನೋಂದಣಿ, ಅಡ್ವಾನ್ಸ್, ರೂಮ್ ಕೊಡೋದು. ವಾರ್ಡ್, ಫಾರ್ಮಸಿ, ಲ್ಯಾಬ್ ಬಿಲ್‌ಗಳು ಒಂದೇ ಖಾತೆಗೆ ಸೇರಬೇಕು. ಇನ್ಶೂರೆನ್ಸ್ ಎಷ್ಟು, ರೋಗಿಯ ಕೈಯಿಂದ ಎಷ್ಟು ಅಂತ ಬೇರೆ ಮಾಡಬೇಕು. ಶಿಫ್ಟ್ ಕೊನೆಯಲ್ಲಿ ಕ್ಯಾಶ್ ತಾಳೆ. ಡಿಸ್ಚಾರ್ಜ್ ದಿನ ಬೇಸರದಲ್ಲಿರುವ ಮನೆಯವರ ಹತ್ತಿರ ತಾಳ್ಮೆಯಿಂದ ಮಾತಾಡಬೇಕು. ನಾನು ವರ್ಷಗಟ್ಟಲೆ ಮಾಡಿದ್ದೇ ಇದು! ಮರುದಿನ ಮೇಲ್‌ನಲ್ಲಿ ಒಂದು ಪುಟ ಕಳಿಸಿದರು. ಎಡಗಡೆ ನಾನು ಹೇಳಿದ ಕೆಲಸಗಳು, ಬಲಗಡೆ ಅದೇ ಕೆಲಸಕ್ಕೆ ಆಸ್ಪತ್ರೆಯಲ್ಲಿ, ಗೋದಾಮಿನಲ್ಲಿ, ಸರಕು ಸಾಗಣೆ ಆಫೀಸ್‌ನಲ್ಲಿ ಏನು ಹೆಸರು ಅಂತ. ಕೆಳಗೆ ಎರಡು ಸಾಲು: ಇನ್ಶೂರೆನ್ಸ್ ಕ್ಲೇಮ್ ಬಗ್ಗೆ ಮಾತ್ರ ಹೊಸದಾಗಿ ಕಲಿಯಬೇಕು, ಕೇಂದ್ರದಲ್ಲೇ ಉಚಿತ ತರಬೇತಿ ಇದೆ, ಸೇರಿ.

ಇದೇ ಮಾಹಿತಿ ಪೋರ್ಟಲ್ ಹತ್ತಿರವೂ ಇತ್ತು. ನೈಟ್ ಆಡಿಟ್ ಅನ್ನುವ ಪದ ನನ್ನ ಪ್ರೊಫೈಲ್‌ನಲ್ಲಿ ಮೊದಲಿನಿಂದಲೂ ಇದೆ. ಅದೇ ಪೋರ್ಟಲ್‌ನಲ್ಲಿ ಆಸ್ಪತ್ರೆ ಬಿಲ್ಲಿಂಗ್ ಹುದ್ದೆಗಳೂ ಇದ್ದವು, ನಾನೇ ಆಮೇಲೆ ಹುಡುಕಿ ನೋಡಿದೆ. ಒಂದನ್ನೂ ನನಗೆ ತೋರಿಸಿರಲಿಲ್ಲ. ಹೆಸರಿಗೆ ಹೆಸರು ಹೊಂದಿಸುವ ಯಂತ್ರಕ್ಕೆ ಅವೆರಡಕ್ಕೂ ಸಂಬಂಧ ಕಾಣಿಸಲಿಲ್ಲ, ಆ ಮೇಡಂಗೆ ಒಂದೇ ಫೋನ್‌ನಲ್ಲಿ ಕಾಣಿಸಿತು. ಇವತ್ತು ನಾನಿರುವುದು ಒಂದು ಆಸ್ಪತ್ರೆಯ ಬಿಲ್ಲಿಂಗ್‌ನಲ್ಲಿ. ಸೇರಿದಾಗ ಸಂಬಳ ಹೋಟೆಲ್‌ಗಿಂತ ಕಡಿಮೆ ಇತ್ತು, ಅದನ್ನೂ ಹೇಳಬೇಕು. ಲೈನ್ ಬದಲಿಸಿದರೆ ಹಳೆ ಅನುಭವಕ್ಕೆ ಪೂರ್ತಿ ಬೆಲೆ ಸಿಗೋದಿಲ್ಲ.

ಕೇಂದ್ರಕ್ಕೆ ಒಂದು ಸ್ಟಾರ್ ಕಡಿಮೆ ಮಾಡಿದ್ದು ಯಾಕೆ? ಫೋನ್ ಲೈನ್. ವೆಬ್‌ಸೈಟ್ ತುಂಬ ಹಳೆಯದು, ಮೊಬೈಲ್‌ನಲ್ಲಿ ಫಾರ್ಮ್ ತುಂಬಿದರೆ ಅರ್ಧಕ್ಕೆ ಲಾಗೌಟ್ ಆಗುತ್ತದೆ. ಒಬ್ಬೊಬ್ಬ ಕೌನ್ಸೆಲರ್ ಮೇಲೆ ಬಿದ್ದಿದ್ದ ಹೊರೆ ವಿಪರೀತ. ನನಗೆ ಸಿಕ್ಕಂಥ ಮೇಡಂ ಎಲ್ಲರಿಗೂ ಸಿಗುತ್ತಾರೆ ಅನ್ನೋಕೆ ಆಗೋದಿಲ್ಲ. ನನ್ನ ಜೊತೆ ಹೋಟೆಲ್‌ನಲ್ಲಿದ್ದ ಒಬ್ಬರಿಗೆ ಬರೀ ಫಾರ್ಮ್ ತುಂಬಿಸಿಕೊಂಡು ಕಳಿಸಿದ್ದರಂತೆ.

ಇನ್ನೊಂದು ಮಾತು, ಇದು ಸೇವೆಯ ರಿವ್ಯೂಗೆ ಸಂಬಂಧಪಟ್ಟದ್ದೇ. ಎಷ್ಟು ಜನ ಇಂಥ ಪೋರ್ಟಲ್ ಬಾಗಿಲಿಗೆ ಬರಬೇಕಾಗುತ್ತದೆ ಅನ್ನೋದು ಸರ್ಕಾರಗಳು ಮೊದಲ ದಿನಗಳಲ್ಲಿ ಏನು ಮಾಡಿದವು ಅನ್ನುವುದರ ಮೇಲೆ ನಿಂತಿತ್ತು. ಜರ್ಮನಿಯಲ್ಲಿ ಕುರ್ಟ್ಸ್‌ಆರ್‌ಬೈಟ್ ಅನ್ನುವ ಹಳೆಯ ವ್ಯವಸ್ಥೆ ಇದೆ. ಕೆಲಸದ ಗಂಟೆ ಕಡಿಮೆ ಮಾಡಿ, ಹೋದ ಸಂಬಳದ ದೊಡ್ಡ ಪಾಲನ್ನು ಸರ್ಕಾರದ ಕಡೆಯಿಂದ ತುಂಬಿಕೊಡುತ್ತಾರೆ, ಕೆಲಸಗಾರನ ಹೆಸರು ಕಂಪನಿಯ ಪಟ್ಟಿಯಲ್ಲೇ ಉಳಿಯುತ್ತದೆ. 2020ರ ಏಪ್ರಿಲ್‌ನಲ್ಲಿ ಸುಮಾರು 60 ಲಕ್ಷ ಜನ ಅದರಲ್ಲಿದ್ದರು. ಬ್ರಿಟನ್‌ನಲ್ಲಿ ಫರ್ಲೋ ಅಂತ ಹೊಸದಾಗಿ ತಂದರು, ಸಂಬಳದ ಶೇ. 80ರವರೆಗೆ, ಒಂದು ಮಿತಿಯೊಳಗೆ, ಸರ್ಕಾರವೇ ಕೊಡುತ್ತಿತ್ತು. 2021ರ ಸೆಪ್ಟೆಂಬರ್ ಕೊನೆಗೆ ಅದು ಮುಗಿಯುವ ಹೊತ್ತಿಗೆ ಒಟ್ಟು 1.17 ಕೋಟಿ ಕೆಲಸಗಳಿಗೆ ಅದರ ನೆರವು ಸಿಕ್ಕಿತ್ತು. ಅಲ್ಲಿ ತುಂಬ ಜನ ಪೋರ್ಟಲ್ ಮುಖ ನೋಡದೆ ಹಳೆ ಕುರ್ಚಿಗೆ ವಾಪಸ್ ಹೋದರು.

ಅಮೆರಿಕದಲ್ಲಿ ಹೆಚ್ಚಿನವರನ್ನು ಮನೆಗೆ ಕಳಿಸಿದರು, ನಿರುದ್ಯೋಗ ಭತ್ಯೆ ಹೆಚ್ಚಿಸಿದರು. 2020ರ ಏಪ್ರಿಲ್‌ನಲ್ಲಿ ಅಲ್ಲಿ ತಾತ್ಕಾಲಿಕವಾಗಿ ಕೆಲಸ ಹೋದವರೇ 1.8 ಕೋಟಿ. ಸೆಪ್ಟೆಂಬರ್ ಹೊತ್ತಿಗೆ ಅದು 46 ಲಕ್ಷಕ್ಕೆ ಇಳಿಯಿತು. ಅಬ್ಬಾ ಎಷ್ಟು ಬೇಗ ಅನ್ನಿಸುತ್ತದೆ ಅಲ್ವಾ? ಆದರೆ ಅದೇ ಸಮಯದಲ್ಲಿ ಶಾಶ್ವತವಾಗಿ ಕೆಲಸ ಕಳೆದುಕೊಂಡವರು ಫೆಬ್ರವರಿಯಲ್ಲಿ ಇದ್ದ ಸುಮಾರು 13 ಲಕ್ಷದಿಂದ 38 ಲಕ್ಷಕ್ಕೆ ಏರಿದ್ದರು. "ಸದ್ಯಕ್ಕೆ ಬರಬೇಡಿ" ಅನ್ನಿಸಿಕೊಂಡವರಲ್ಲಿ ಕೆಲವರು "ಇನ್ನು ಬರಬೇಡಿ" ಪಟ್ಟಿಗೆ ಜಾರಿದರು. 2022ರ ಮಧ್ಯದ ಹೊತ್ತಿಗೆ ಅಲ್ಲಿ ಒಟ್ಟು ಉದ್ಯೋಗದ ಸಂಖ್ಯೆ ಕೊರೊನಾಕ್ಕೆ ಮೊದಲಿನ ಮಟ್ಟ ಮುಟ್ಟಿತು, ಚೇತರಿಕೆ ಮುಗಿಯಿತು ಅಂತ ಸುದ್ದಿ ಬಂತು. ಹೋಟೆಲ್, ರೆಸ್ಟೋರೆಂಟ್, ಮನರಂಜನೆ ಲೈನ್ ಮಾತ್ರ ಆಗಲೂ ಲಕ್ಷಗಟ್ಟಲೆ ಕೆಳಗೇ ಇತ್ತು. ಒಟ್ಟು ಲೆಕ್ಕ ಸರಿಹೋದರೆ ನನ್ನಂಥವರ ಲೆಕ್ಕ ಸರಿಹೋಯಿತು ಅಂತ ಅಲ್ಲ. ಬೇರೆ ಕಡೆ ಹುಟ್ಟಿದ ಕೆಲಸಕ್ಕೆ ನಮ್ಮನ್ನು ತಲುಪಿಸುವ ದಾರಿ ಬೇಕು. ಆ ದಾರಿ ತೋರಿಸುವುದೇ ಇಂಥ ಸೇವೆಗಳ ಕೆಲಸ.

ಹುಡುಕುವುದನ್ನೇ ಬಿಟ್ಟವರೂ ಇದ್ದಾರೆ. 2020ರಲ್ಲಿ ಕೆಲಸ ಹೋದ 11.4 ಕೋಟಿ ಜನರಲ್ಲಿ ನಿರುದ್ಯೋಗಿಗಳ ಪಟ್ಟಿಗೆ ಸೇರಿದವರು 3.3 ಕೋಟಿ ಅಷ್ಟೇ. ಉಳಿದ 8.1 ಕೋಟಿ ಜನ ದುಡಿಯುವವರ ಲೆಕ್ಕದಿಂದಲೇ ಹೊರಗೆ ಹೋದರು, ಯಾಕೆಂದರೆ ಕೆಲಸ ಹುಡುಕುತ್ತಿದ್ದರೆ ಮಾತ್ರ ನಿರುದ್ಯೋಗಿ ಅಂತ ಎಣಿಸುತ್ತಾರೆ. ಹೆಂಗಸರಿಗೆ ಪೆಟ್ಟು ಜಾಸ್ತಿ ಬಿತ್ತು. ಆ ವರ್ಷ ಜಗತ್ತಿನಲ್ಲಿ ಹೆಂಗಸರ ಉದ್ಯೋಗ ಶೇ. 4.2 ಇಳಿದರೆ ಗಂಡಸರದ್ದು ಶೇ. 3. ವಯಸ್ಸು ನೋಡಿದರೆ ಯುವಜನರದ್ದು ಶೇ. 8.7, ದೊಡ್ಡವರದ್ದು ಶೇ. 3.7. ನಮ್ಮ ಹೌಸ್‌ಕೀಪಿಂಗ್‌ನಲ್ಲಿದ್ದ ಒಬ್ಬರು, ತುಂಬ ಅಚ್ಚುಕಟ್ಟಾದ ಕೆಲಸದವರು, ಶಾಲೆ ಮುಚ್ಚಿ ಮಕ್ಕಳು ಮನೆಯಲ್ಲಿದ್ದರಿಂದ ಹುಡುಕೋದನ್ನೇ ನಿಲ್ಲಿಸಿದರು. ಮಕ್ಕಳು ಶಾಲೆಗೆ ಹೋಗಲು ಶುರುವಾದಮೇಲೆ ಪೋರ್ಟಲ್ ತೆರೆದರೆ ಅವರ ಖಾತೆ "ನಿಷ್ಕ್ರಿಯ". ಹಗಲು ಇಷ್ಟರಿಂದ ಇಷ್ಟು ಗಂಟೆಯೊಳಗೆ ಮುಗಿಯುವ ಕೆಲಸ ತೋರಿಸು ಅಂತ ಕೇಳೋಕೆ ಅಲ್ಲಿ ಫಿಲ್ಟರ್ ಇಲ್ಲ. ಪಾರ್ಟ್ ಟೈಮ್ ಅಂತ ಒತ್ತಿದರೆ ರಾತ್ರಿ ಡೆಲಿವರಿ ಕೆಲಸಗಳು ಬರುತ್ತವೆ. ಇವರಿಗೂ ಕೊನೆಗೆ ದಾರಿಯಾದದ್ದು ಅದೇ ಉಚಿತ ಕೇಂದ್ರದಿಂದ.

ಪೋರ್ಟಲ್‌ನಲ್ಲಿರುವ ಆನ್‌ಲೈನ್ ಕೋರ್ಸ್‌ಗಳ ಬಗ್ಗೆ ಒಂದು ಮಾತು. ವಿಡಿಯೊಗಳು ಚೆನ್ನಾಗಿವೆ. ಆದರೆ ಯಾವ ಸರ್ಟಿಫಿಕೇಟ್ ತಗೊಂಡರೆ ಯಾವ ಹುದ್ದೆಗೆ ಕರೆಯುತ್ತಾರೆ ಅಂತ ಎಲ್ಲೂ ಇಲ್ಲ. ಮೊದಲು ಹುದ್ದೆ ಗೊತ್ತು ಮಾಡಿಕೊಂಡು, ಅದಕ್ಕೆ ಏನು ಕಡಿಮೆ ಇದೆಯೋ ಅಷ್ಟನ್ನೇ ಕಲಿತರೆ ಸಮಯವೂ ಉಳಿಯುತ್ತದೆ, ದುಡ್ಡೂ ಉಳಿಯುತ್ತದೆ.

ಹಾಗಾದರೆ ಪೋರ್ಟಲ್ ಬೇಡವಾ? ಬೇಕು, ಉಚಿತ ಖಾತೆ ಸಾಕು. ನಿಮ್ಮ ಲೈನ್ ನಡೆಯುತ್ತಿದ್ದು, ಕಂಪನಿ ಮಾತ್ರ ಬದಲಿಸಬೇಕು ಅನ್ನುವವರಿಗೆ ಅದು ಒಳ್ಳೆಯ ಸಾಧನ. ಲೈನೇ ಮಲಗಿದ್ದರೆ ಮೊದಲು ಕೇಂದ್ರಕ್ಕೆ ಫೋನ್ ಮಾಡಿ, ಕೌನ್ಸೆಲರ್ ಬೇಕು ಅಂತಲೇ ಕೇಳಿ. ಮಾತಾಡುವ ಮುಂಚೆ ನಿಮ್ಮ ಒಂದು ದಿನದ ಕೆಲಸವನ್ನು ಶುರುವಿನಿಂದ ಕೊನೆವರೆಗೆ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ, ಸಣ್ಣದು ಅಂತ ಏನನ್ನೂ ಬಿಡಬೇಡಿ. ಅಲ್ಲಿ ಸಿಕ್ಕ ಹೊಸ ಪದಗಳನ್ನು ತಂದು ಪೋರ್ಟಲ್‌ನ ಸರ್ಚ್‌ನಲ್ಲಿ ಹಾಕಿ. ನನಗೆ ಆಗಲೇ ಪೋರ್ಟಲ್ ಕೂಡ ಸರಿಯಾಗಿ ಕೆಲಸ ಮಾಡಲು ಶುರು ಮಾಡಿದ್ದು.

ಪ್ರೀಮಿಯಂ ಈಗಾಗಲೇ ತಗೊಂಡಿದ್ದರೆ ಒಂದು ಎಚ್ಚರಿಕೆ. ಅದು ತಾನೇ ರಿನ್ಯೂ ಆಗುತ್ತದೆ, ಆ್ಯಪ್ ಡಿಲೀಟ್ ಮಾಡಿದರೆ ನಿಲ್ಲೋದಿಲ್ಲ. ನಿಲ್ಲಿಸುವ ಬಟನ್ ನಾನು ಬಳಸಿದ್ದರಲ್ಲಿ ಸೆಟ್ಟಿಂಗ್ಸ್‌ನಲ್ಲಿ ಇರಲಿಲ್ಲ, ಬಿಲ್ಲಿಂಗ್ ಪುಟದ ತೀರಾ ಕೆಳಗೆ ಸಣ್ಣ ಅಕ್ಷರದಲ್ಲಿತ್ತು, ಒತ್ತಿದಮೇಲೆ ನಿಜವಾಗಲೂ ಬೇಡವಾ ಅಂತ ಎರಡು ಮೂರು ಪರದೆ ಬರುತ್ತವೆ. ಕೊನೆವರೆಗೂ ಹೋಗಿ. ರದ್ದಾಯಿತು ಅಂತ ಬರುವ ಮೇಲ್ ಇಟ್ಟುಕೊಳ್ಳಿ, ಮುಂದಿನ ತಿಂಗಳೂ ಹಣ ಕಟ್ ಆದರೆ ಬ್ಯಾಂಕ್‌ಗೆ ತೋರಿಸೋಕೆ ಅದೇ ಬೇಕಾಗುತ್ತದೆ.